ಒಂದೇ ಯಂತ್ರದ ಮೇಸ್ತ್ರಿ

ಸೋಮವಾರ ಬೆಳಿಗ್ಗೆ ಕಂಪ್ಯೂಟರಮ್ಮ ಕೆಲಸಕ್ಕೆ ಬಂದಾಗ ಫ್ರೀಜರಕ್ಕ ಹಾಲನ್ನು ಸಿಂಕಿಗೆ ಸುರಿಯುತ್ತ ನಿಂತಿದ್ದಳು.

ಒಂದೊಂದೇ ಬಾಟಲಿ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಬಾಟಲಿಯನ್ನು ಟ್ರೇಯಿಂದ ಎತ್ತುವುದು, ಅದಕ್ಕೆ ಅಂಟಿಸಿದ ಚೀಟಿಯಲ್ಲಿರುವ ತಾಯಿಯ ನಂಬರನ್ನು ಗಟ್ಟಿಯಾಗಿ ಓದುವುದು, ಮುಚ್ಚಳ ತಿರುಗಿಸಿ ಬಗ್ಗಿಸುವುದು. ಪಕ್ಕದಲ್ಲಿ ನಿರ್ದೇಶಕರ ಸಹಾಯಕ ಪಟ್ಟಿ ಹಿಡಿದುಕೊಂಡು ಟಿಕ್ ಹಾಕುತ್ತಿದ್ದ. ನೂರ ನಲವತ್ತು ಮುಗಿದಿತ್ತು. ಇನ್ನೂ ಎಪ್ಪತ್ತೆರಡು ಬಾಕಿ.

ಅದು ತಾಯಿಹಾಲು. ತಮ್ಮ ಕೂಸಿಗೆ ಕುಡಿಸಿ ಮಿಕ್ಕ ಹಾಲನ್ನು ಬಾಣಂತಿಯರು ಇಲ್ಲಿಗೆ ಕೊಡುತ್ತಾರೆ. ಅದನ್ನು ಕಾಯಿಸಿ, ಪರೀಕ್ಷೆ ಮಾಡಿ, ಮೈನಸ್ ಇಪ್ಪತ್ತೆರಡು ಡಿಗ್ರಿಯಲ್ಲಿ ಕಲ್ಲಾಗಿಸಿ ಇಡುವುದು ಈ ಹಾಲಿನ ಬ್ಯಾಂಕಿನ ಕೆಲಸ. ತಿಂಗಳು ತುಂಬದೆ ಹುಟ್ಟಿ, ಪಕ್ಕದ ಕಟ್ಟಡದ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿರುವ ಕೂಸುಗಳ ಹೊಟ್ಟೆಗೆ ಹನಿಹನಿಯಾಗಿ ಹೋಗುವುದು ಇದೇ ಹಾಲು. ಆ ವಾರ ಅಲ್ಲಿ ಹನ್ನೊಂದು ಕೂಸುಗಳಿದ್ದವು. ಎಲ್ಲಕ್ಕಿಂತ ಸಣ್ಣದು ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡನೇ ಫ್ರೀಜರಿನ ಒಳಗೆ ಮಂಜು ಕರಗಿಸುವ ಹೀಟರ್ ಹತ್ತಿಕೊಂಡಿತು. ಹತ್ತಿಕೊಂಡದ್ದು ಆರಲೇ ಇಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಫ್ರೀಜರು ತನ್ನೊಳಗಿನ ಹಾಲನ್ನು ತಾನೇ ಬೆಚ್ಚಗೆ ಮಾಡುತ್ತ ಕೂತಿತ್ತು. ಒಮ್ಮೆ ಕರಗಿ ಬೆಚ್ಚಗಾದ ಹಾಲನ್ನು ಆ ಕೂಸುಗಳಿಗೆ ಕೊಡುವ ಹಾಗಿಲ್ಲ.

"ನಲವತ್ತೇಳು," ಎಂದು ಓದಿದಳು ಫ್ರೀಜರಕ್ಕ. ಬಗ್ಗಿಸಿದಳು. ಮುಂದಿನದನ್ನು ಎತ್ತಿಕೊಂಡಳು. "ನಲವತ್ತೇಳು."

ಕಂಪ್ಯೂಟರಮ್ಮ ಟ್ರೇಯ ಹತ್ತಿರ ಬಂದಳು. ನಲವತ್ತೇಳು ಅವಳ ನಾದಿನಿಯ ನಂಬರು.

"ನಿನಗೆ ಗೊತ್ತಾಗ್ಲಿಲ್ವಾ ಅಕ್ಕ?" ಎಂದು ಕೇಳಿದಳು.

ಫ್ರೀಜರಕ್ಕ ತಿರುಗಿ ನೋಡಲಿಲ್ಲ. "ಗಂಟೆಗೊಂದ್ಸಲ ನೋಡಿದೀನಿ. ಒಂಬತ್ತು ಸಲ ಬರ್ದು ಸಹಿ ಹಾಕಿದೀನಿ. ಮೈನಸ್ ಇಪ್ಪತ್ತೆರಡು ಅಂತಲೇ ಇತ್ತು, ಹಸಿರಾಗೇ ಇತ್ತು. ನಾನೇನು ಕನಸು ಕಂಡ್ನಾ?" ಎಂದು ಇನ್ನೊಂದು ಮುಚ್ಚಳ ತಿರುಗಿಸಿದಳು.

ಸಹಾಯಕ ಪಟ್ಟಿಯಿಂದ ತಲೆ ಎತ್ತದೆ, "ಅದನ್ನ ಗುರುವಾರ ವಿಚಾರಣೆ ಸಮಿತಿ ಮುಂದೆ ಹೇಳಿ," ಎಂದ.

ಕಂಪ್ಯೂಟರಮ್ಮ ಎಂಬ ಹೆಸರು ಇಟ್ಟವಳು ಫ್ರೀಜರಕ್ಕನೇ. ಮೂವತ್ತೆರಡರ ಹೆಂಗಸನ್ನು ಅರವತ್ತರ ಮುದುಕಿ ಮಾಡುವ ಹೆಸರು. ಸೇಡಿಗೆ ಇವಳು ಆಕೆಯನ್ನು ಫ್ರೀಜರಕ್ಕ ಎಂದಳು. ಎರಡೂ ಹೆಸರು ಗಟ್ಟಿಯಾಗಿ ಅಂಟಿಕೊಂಡವು. ನಾಲ್ಕು ವರ್ಷದಲ್ಲಿ ನಿರ್ದೇಶಕರೂ ಹಾಗೇ ಕರೆಯತೊಡಗಿದ್ದರು. ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಬೆಳಿಗ್ಗೆಯ ಕೋಪ ಮೂಗಿನದಲ್ಲ, ಹೊಟ್ಟೆಯದು.

ಅವಳು ನೇರವಾಗಿ ಮೆಟ್ಟಿಲ ಕೆಳಗಿನ ತನ್ನ ಗೂಡಿಗೆ ಹೋದಳು. ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಈಗಲೂ ಫಿನಾಯಿಲ್ ವಾಸನೆ ಹೋಗಿಲ್ಲ. ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಕಬ್ಬಿಣದ ಚೌಕಟ್ಟಿನಲ್ಲಿ ಒಂದೇ ಒಂದು ಸರ್ವರ್. ಇಡೀ ಬ್ಯಾಂಕು ಆ ಒಂದು ಡಬ್ಬದ ಮೇಲೆ ನಿಂತಿತ್ತು. ತಾಯಂದಿರ ನೋಂದಣಿ, ಬಾಟಲಿಯ ಲೆಕ್ಕ, ಪರೀಕ್ಷೆಯ ಫಲಿತಾಂಶ, ಫ್ರೀಜರುಗಳ ತಾಪಮಾನ, ತಾಪಮಾನ ಏರಿದರೆ ನಾಲ್ಕು ಜನರ ಫೋನಿಗೆ ಕೂಗು ಹಾಕುವ ಅಲಾರಂ, ಎಲ್ಲವೂ ಅದರಲ್ಲೇ.

ಅಷ್ಟೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಂದು ಯಂತ್ರಕ್ಕೆ ತಕ್ಕ ಹಾಗೆ ಸರಳವಾಗಿ ಕಟ್ಟಿಕೊಂಡು ಸುಮ್ಮನೆ ಇರಬಹುದಿತ್ತು. ಆದರೆ ನಿರ್ದೇಶಕರು ಎರಡು ವರ್ಷದ ಹಿಂದೆ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಕಂಟೇನರ್ ವ್ಯವಸ್ಥೆಯಂತೆ, ತನ್ನನ್ನು ತಾನೇ ವಾಸಿಮಾಡಿಕೊಳ್ಳುತ್ತದಂತೆ, ನಮಗೂ ಅದೇ ಬೇಕು ಎಂದರು. ಬೇಡ ಎಂದರೆ ಇವಳಿಗೆ ಬರುವುದಿಲ್ಲ ಎಂದುಕೊಂಡಾರು ಎಂದು ಅವಳು ಕಲಿತಳು, ಕಟ್ಟಿದಳು.

ಒಂದೊಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಾಮಾನಿನ ಜೊತೆ ಒಂದೊಂದು ಡಬ್ಬಿಯಲ್ಲಿ ಮುಚ್ಚಿಡುವುದು. ಆ ಡಬ್ಬಿಯೇ ಕಂಟೇನರ್. ಡಬ್ಬಿಗಳನ್ನೆಲ್ಲ ನೋಡಿಕೊಳ್ಳಲು ಮೇಲೊಂದು ದೊಡ್ಡ ಪ್ರೋಗ್ರಾಂ. ಅದಕ್ಕೆ ಅವಳು ಇಟ್ಟ ಹೆಸರು ಮೇಸ್ತ್ರಿ. ಯಾರು ಬಿದ್ದರು, ಯಾರು ಎದ್ದರು ಎಂದು ಸದಾ ತಲೆ ಎಣಿಸುವುದು ಮೇಸ್ತ್ರಿಯ ಕೆಲಸ. ಒಬ್ಬ ಬಿದ್ದರೆ ಎಬ್ಬಿಸುತ್ತಾನೆ. ಒಂದು ಯಂತ್ರವೇ ಕೆಟ್ಟರೆ ಅದರ ಮೇಲಿದ್ದವರನ್ನೆಲ್ಲ ಇನ್ನೊಂದು ಯಂತ್ರಕ್ಕೆ ಸಾಗಿಸುತ್ತಾನೆ. ಇನ್ನೊಂದು ಯಂತ್ರ ಇದ್ದರೆ! ಅವಳು ಕೇಳಿದ್ದು ಮೂರು. ಬಂದದ್ದು ಒಂದು. ಉಳಿದೆರಡರ ಬದಲು ಬಂದದ್ದು, ಹಜಾರಕ್ಕೊಂದು ಶೀತಕೋಣೆಯ ಹೊರಗೊಂದು, ಗೋಡೆಯಷ್ಟು ಅಗಲದ ಎರಡು ಪರದೆ. ಬಂದುಹೋಗುವವರಿಗೆ ಕಾಣಬೇಕಲ್ಲ.

ಅಂದರೆ ಈ ಮೇಸ್ತ್ರಿ ಕಾಯುತ್ತಿದ್ದದ್ದು ಒಂದೇ ಮನೆ, ಅವನು ವಾಸವಿದ್ದದ್ದೂ ಅದೇ ಮನೆಯಲ್ಲಿ.

ಅವಳು ದಾಖಲೆ ತೆಗೆದು ಓದತೊಡಗಿದಳು. ಭಾನುವಾರ ಬೆಳಿಗ್ಗೆ ಏಳೂವರೆಗೆ ಸರ್ವರಿನ ಡಿಸ್ಕು ತುಂಬಿಹೋಗಿತ್ತು. ತುಂಬಿಸಿದ್ದು ಏನು ಎಂದು ನೋಡಿದರೆ, ಹಜಾರದ ಪರದೆಯಲ್ಲಿ ತೋರಿಸಲೆಂದು ನಿರ್ದೇಶಕರ ಕಚೇರಿಯವರು ಶನಿವಾರ ಏರಿಸಿದ್ದ ಸ್ವಾಗತದ ವಿಡಿಯೋ. ಒಂದಲ್ಲ, ಆರು. ನಿರ್ದೇಶಕರು ಎಡಕ್ಕೆ ನೋಡಿ ನಗುವುದು, ಬಲಕ್ಕೆ ನೋಡಿ ನಗುವುದು, ಯಾವುದು ಚೆನ್ನಾಗಿದೆಯೋ ಆಮೇಲೆ ನೋಡೋಣ ಎಂದು ಎಲ್ಲವನ್ನೂ ಹಾಗೇ ಸುರಿದಿದ್ದರು. ಜಾಗ ಮುಗಿದ ಕೂಡಲೇ ಮೇಸ್ತ್ರಿ ತನಗೆ ಕಲಿಸಿದ್ದನ್ನೇ ಮಾಡಿದ: ಯಂತ್ರ ಉಳಿಯಲಿ ಎಂದು ಒಬ್ಬೊಬ್ಬರನ್ನೇ ಹೊರಗೆ ಹಾಕಿದ. ತಾಪಮಾನ ಓದುವವನನ್ನು ಹಾಕಿದ. ಅಲಾರಂ ಕೂಗುವವನನ್ನು ಹಾಕಿದ. ಅಲಾರಮ್ಮಿನ ಮೂರು ಪ್ರತಿಗಳಿದ್ದವು, ಮೂರನ್ನೂ ಹಾಕಿದ. ಹಾಕಿ, ಅವರಿಗೆ ಬೇರೆ ಯಂತ್ರ ಹುಡುಕತೊಡಗಿದ. ಸಿಗಲಿಲ್ಲ. ಮತ್ತೆ ಹುಡುಕಿದ. ಸಂಜೆಯವರೆಗೂ ದಾಖಲೆಯ ತುಂಬ ಒಂದೇ ಸಾಲು: ಜಾಗವಿಲ್ಲ, ಕಾಯುತ್ತಿದ್ದೇನೆ. ಜಾಗವಿಲ್ಲ, ಕಾಯುತ್ತಿದ್ದೇನೆ.

ಕಂಪ್ಯೂಟರಮ್ಮ ಮೇಜಿಗೆ ಗುದ್ದಿದಳು. ಕೈ ನೋವಾಯಿತೇ ಹೊರತು ಕೋಪ ಎಳ್ಳಷ್ಟೂ ಇಳಿಯಲಿಲ್ಲ.

ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋದಳು. ಅಲ್ಲಿ ಆಗಲೇ ಫ್ರೀಜರಕ್ಕ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಇಟ್ಟು ಹೊರಬರುತ್ತಿದ್ದಳು. ಇಪ್ಪತ್ತೆರಡು ವರ್ಷ ಆ ಗೊಂಚಲು ಆಕೆಯ ಸೊಂಟದಲ್ಲಿತ್ತು. ಗುರುವಾರದವರೆಗೆ ಕೆಲಸಕ್ಕೆ ಬರಬಾರದು ಎಂದು ಆದೇಶ. ಆಕೆ ಬಾಗಿಲಲ್ಲಿ ಇವಳನ್ನು ದಾಟಿ ಹೋದಳು.

"ಸರ್, ಆಕೆಯ ತಪ್ಪಲ್ಲ," ಎಂದಳು ಕಂಪ್ಯೂಟರಮ್ಮ, ಕೂರುವ ಮೊದಲೇ. "ಅಲಾರಂ ಸತ್ತುಹೋಗಿತ್ತು."

"ಸಾಯೋದು ಹೇಗಮ್ಮ? ಮೂರು ಕಾಪಿ ಇದೆ ಅಂದಿದ್ದೆಯಲ್ಲ?" ನಿರ್ದೇಶಕರಿಗೆ ಮೆತ್ತಗೆ ಮಾತಾಡುವ ಅಭ್ಯಾಸ. ಬೆಣ್ಣೆ ಸವರಿದಂಥ ದನಿ. ಅದನ್ನು ಕೇಳಿದರೇ ಅವಳ ಮೈ ಉರಿಯುತ್ತಿತ್ತು.

"ಮೂರೂ ಒಂದೇ ಯಂತ್ರದ ಮೇಲೆ ಸರ್."

"ಆದ್ರೂ ಮೂರು ಮೂರೇ ಅಲ್ವಾ?"

ಇಂಥ ಮಾತಿಗೆ ಏನು ಹೇಳುವುದು? ಒಂದೇ ಕೊಂಬೆಯ ಮೇಲೆ ಮೂವರು ಕೂತರೆ ಕೊಂಬೆ ಮುರಿದಾಗ ಮೂವರೂ ಬೀಳುತ್ತಾರೆ ಎಂದು ಒಂದನೇ ತರಗತಿಯ ಕೂಸಿಗೂ ತಿಳಿಯುತ್ತದೆ. ಅದನ್ನೇ ಹೇಳಿದಳು. ನಿರ್ದೇಶಕರು ನಕ್ಕರು. ವಿಡಿಯೋದ ಎಡಕ್ಕೆ ನೋಡುವ ನಗು ಅದೇ ಇರಬೇಕು.

"ತಾಂತ್ರಿಕ ವಿಷಯ ಬೇರೆ," ಎಂದರು. "ಇಲ್ಲಿರೋದು ಸಹಿಯ ವಿಷಯ. ಫ್ರೀಜರು ಹನ್ನೆರಡು ಗಂಟೆಗೆ ಪ್ಲಸ್ ಆರು ಡಿಗ್ರಿ ದಾಟಿತ್ತು ಅಂತ ಕಂಪನಿಯ ರಿಪೇರಿಯವನು ಅದರೊಳಗಿನ ಚಿಪ್ ನೋಡಿ ಹೇಳಿದಾನೆ. ಹನ್ನೆರಡು ಗಂಟೆಗೆ ಆಕೆ ಮೈನಸ್ ಇಪ್ಪತ್ತೆರಡು ಅಂತ ಬರ್ದು ಸಹಿ ಹಾಕಿದಾಳೆ. ಒಂಬತ್ತು ಸಲ. ನೋಡದೆ ಬರ್ದಿದಾಳೆ ಅಂತ ತಾನೇ ಅರ್ಥ?"

"ಪರದೆ ನೋಡಿ ಬರ್ದಿದಾಳೆ."

"ಪರದೆ ಸುಳ್ಳು ಹೇಳುತ್ತಾ?"

ಆ ಪ್ರಶ್ನೆಯ ಕಡೆ ಆಗ ಅವಳ ಗಮನ ಹೋಗಲಿಲ್ಲ. ತಲೆಯ ತುಂಬ ಅಲಾರಂ, ಡಿಸ್ಕು, ಆರು ವಿಡಿಯೋ. ಆಕೆಯ ತಲೆ ಮೇಲೆ ಗೂಬೆ ಕೂರಿಸಿ ಇವರು ಕೈ ತೊಳೆದುಕೊಳ್ಳುತ್ತಾರೆ ಎಂಬುದಷ್ಟೇ ಹೊಳೆಯಿತು. ಸುಳ್ಳು ಸಹಿ ಎಂದು ತೀರ್ಮಾನವಾದರೆ ಫ್ರೀಜರಕ್ಕನ ಕೆಲಸ ಹೋಗುವುದಷ್ಟೇ ಅಲ್ಲ. ಆ ಕಾಗದ ಹಿಡಿದುಕೊಂಡು ಹೋದರೆ ಬೇರೆ ಯಾವ ಆಸ್ಪತ್ರೆಯೂ ಆಕೆಯನ್ನು ಬಾಗಿಲೊಳಗೆ ಬಿಡುವುದಿಲ್ಲ. ಐವತ್ತು ದಾಟಿದವಳು. ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣ.

ಫ್ರೀಜರಿನ ಬಾಗಿಲು ತೆಗೆದು ನೋಡಬಹುದಿತ್ತಲ್ಲ ಎಂದರೆ, ಅದಕ್ಕೂ ಇವರದೇ ನಿಯಮ ಅಡ್ಡ. ತಣ್ಣಗಿನದು ಹೊರಗೆ ಹೋಗುತ್ತದೆಂದು ದಿನಕ್ಕೆ ಎರಡೇ ಸಲ ಬಾಗಿಲು. ಭಾನುವಾರ ಸಂಜೆ ಐದಕ್ಕೆ ಒಂದೇ ಸಲ, ಹಾಲು ಕರಗಿದ್ದು ಗೊತ್ತಾದದ್ದೂ ಆಗಲೇ. ಫ್ರೀಜರಿಗೆ ತನ್ನದೇ ಗಂಟೆಯೊಂದಿತ್ತು, ಆ ಸದ್ದಿಗೆ ಹೊರಗೆ ಕಾಯುವ ಬಾಣಂತಿಯರು ಬೆಚ್ಚುತ್ತಾರೆಂದು ಅದರ ತಂತಿ ಕೀಳಿಸಿದ್ದರು. ಎಲ್ಲಕ್ಕೂ ಒಂದೇ ಸಮಾಧಾನ: ಈಗ ವ್ಯವಸ್ಥೆ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ.

"ನಾನೂ ಸಮಿತಿ ಮುಂದೆ ಬರ್ತೀನಿ," ಎಂದಳು.

"ಬಾರಮ್ಮ. ಬೇಡ ಅಂದವರು ಯಾರು?" ಎಂದರು ನಿರ್ದೇಶಕರು.

ಮಂಗಳವಾರ, ಬುಧವಾರ ಅವಳು ಮಾಡಿದ್ದು ಒಂದೇ ಕೆಲಸ. ಎರಡು ವರ್ಷದಲ್ಲಿ ನಿರ್ದೇಶಕರಿಗೆ ಕಳಿಸಿದ ಮೇಲ್‌ಗಳನ್ನು ಹುಡುಕಿ ಹುಡುಕಿ ಮುದ್ರಿಸಿದಳು. ಎರಡನೇ ಯಂತ್ರ ಬೇಕು. ಅಲಾರಮ್ಮನ್ನು ಅದೇ ಯಂತ್ರದ ಮೇಲೆ ಇಡಬಾರದು, ಯಂತ್ರ ಬಿದ್ದರೆ ಕೂಗುವವನೂ ಬೀಳುತ್ತಾನೆ. ಕನಿಷ್ಠ ಫ್ರೀಜರಿನ ಗಂಟೆಯ ತಂತಿಯನ್ನಾದರೂ ಹಾಕಿಸಿ. ಒಟ್ಟು ಹದಿಮೂರು ಮೇಲ್. ಒಂದಕ್ಕೂ ಸೊಪ್ಪು ಹಾಕಿರಲಿಲ್ಲ. ಮೂರಕ್ಕೆ ಮಾತ್ರ "ಗಮನಿಸಲಾಗಿದೆ" ಎಂಬ ಒಂದು ಪದದ ಉತ್ತರ. ದಿನಾಂಕದ ಪ್ರಕಾರ ಜೋಡಿಸಿ ಪಿನ್ನು ಹೊಡೆದಾಗ ಅವಳಿಗೆ ಒಂದು ಬಗೆಯ ಸಂತೋಷವೇ ಆಯಿತೆಂದು ಹೇಳಬೇಕು. ಗುರುವಾರ ಆ ಮನುಷ್ಯನ ಮುಖದ ನೀರಿಳಿಸುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಪಕ್ಕದ ಕಟ್ಟಡದಿಂದ ಸುದ್ದಿ ಬಂತು: ಬ್ಯಾಂಕಿನ ಹಾಲು ಸಾಲದೆ ಪುಡಿಹಾಲು ಕೊಟ್ಟ ಕೂಸುಗಳಲ್ಲಿ ಒಂದಕ್ಕೆ ಹೊಟ್ಟೆ ಉಬ್ಬಿಕೊಂಡಿದೆ, ಬಾಯಿಗೆ ಏನೂ ಕೊಡದೆ ಡ್ರಿಪ್ಪಿನಲ್ಲಿ ಇಟ್ಟಿದ್ದಾರೆ. ಅವಳು ಪಿನ್ನಿನ ಮೇಲೆ ಇನ್ನೊಂದು ಪಿನ್ನು ಹೊಡೆದಳು.

ಬುಧವಾರ ಸಂಜೆ ಮನೆಗೆ ಹೋದರೆ ನಾದಿನಿ ಹಾಲಿನ ಪಂಪನ್ನು ತೊಳೆದು ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದಳು, ಶಿಕ್ಷೆಗೆ ನಿಲ್ಲಿಸಿದ ಹಾಗೆ. ನಾದಿನಿ ಇವಳ ಗಂಡನ ತಂಗಿ, ಬಾಣಂತನಕ್ಕೆಂದು ಅಣ್ಣನ ಮನೆಗೆ ಬಂದು ಐದು ತಿಂಗಳಾಗಿತ್ತು. ಕೂಸು ಗುಂಡುಗುಂಡಾಗಿ, ಕೆನ್ನೆಯ ಭಾರಕ್ಕೆ ತಲೆ ಎತ್ತಲಾರದೆ ಚಾಪೆಯ ಮೇಲೆ ಬೋರಲು ಬಿದ್ದಿತ್ತು.

"ಹತ್ತೊಂಬತ್ತು ಬಾಟ್ಲಿ ಅತ್ತಿಗೆ," ಎಂದಳು ನಾದಿನಿ. "ಹತ್ತೊಂಬತ್ತು! ದಿನಾ ಎರಡು ಸಲ ಆ ಗೊರಗೊರ ಅನ್ನೋ ಮಿಷನ್ ಹಚ್ಕೊಂಡು ಕೂತಿದೀನಿ. ನಾನೇನು ಎಮ್ಮೆನಾ? ಮೋರಿಗೆ ಚೆಲ್ಲೋಕೆ ಕರ್ದು ಕೊಟ್ನಾ?"

"ಅಲ್ಲಮ್ಮ."

"ಆ ಹೆಂಗಸನ್ನ ಕೆಲಸದಿಂದ ತೆಗೀಬೇಕು. ನೋಡದೆ ಸಹಿ ಹಾಕ್ತಾಳಂತೆ!"

ಆಗಲೇ ಊರೆಲ್ಲ ಹಬ್ಬಿಸಿದ್ದಾರೆ ಎಂದು ಕಂಪ್ಯೂಟರಮ್ಮನಿಗೆ ಪಿತ್ತ ನೆತ್ತಿಗೇರಿತು. ಚೀಲವನ್ನು ಕುರ್ಚಿಗೆ ಎಸೆದು ಎಲ್ಲವನ್ನೂ ಹೇಳಿದಳು. ಡಿಸ್ಕು, ವಿಡಿಯೋ, ಮೇಸ್ತ್ರಿ, ಜಾಗವಿಲ್ಲ, ಕಾಯುತ್ತಿದ್ದೇನೆ. ನಾದಿನಿ ಕೂಸನ್ನು ತೊಡೆಗೆ ಹಾಕಿಕೊಂಡು ಕಣ್ಣು ಪಿಳುಕಿಸದೆ ಕೇಳಿದಳು.

"ಸರಿ, ಓದೋನು ಸತ್ತ. ಕೂಗೋನೂ ಸತ್ತ," ಎಂದಳು ಕೊನೆಗೆ. "ಮತ್ತೆ ಪರದೇಲಿ ಮೈನಸ್ ಇಪ್ಪತ್ತೆರಡು ಅಂತ ಯಾರು ಬರೀತಿದ್ರು?"

"ಯಾರೂ ಬರೀತಿರ್ಲಿಲ್ಲ. ಕೊನೇಗೆ ಬಂದ ಅಂಕಿ ಹಾಗೇ ನಿಂತಿತ್ತು."

"ಅದ್ಯಾಕೆ ನಿಲ್ಲುತ್ತೆ? ನಮ್ಮ ಟಿವೀಲಿ ಕೇಬಲ್ ಹೋದ್ರೆ ನೀಲಿ ಬರಲ್ವಾ? ಏನೂ ಬರ್ತಿಲ್ಲ ಅಂತ ಗೊತ್ತಾಗ್ಬೇಕಲ್ಲ ನೋಡೋರಿಗೆ."

ಕಂಪ್ಯೂಟರಮ್ಮ ಕುರ್ಚಿಯ ಮೇಲಿದ್ದ ಚೀಲವನ್ನು ಎಳೆದುಕೊಂಡಳು.

ಬರುತ್ತಿತ್ತು. ಮೊದಲು ಬರುತ್ತಿತ್ತು. ಎರಡು ನಿಮಿಷ ಹೊಸ ಅಂಕಿ ಬರದಿದ್ದರೆ ಪರದೆ ಕೆಂಪಾಗಿ "ಮಾಹಿತಿ ಇಲ್ಲ" ಎಂದು ತೋರಿಸುವಂತೆ ಅವಳೇ ಮಾಡಿದ್ದಳು.

ಅವಳು ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದಳು. ಬದಲಾವಣೆಗಳ ಪಟ್ಟಿಯಲ್ಲಿ ಹುಡುಕುವ ಕಷ್ಟವೇನಿರಲಿಲ್ಲ. ಹನ್ನೊಂದು ತಿಂಗಳ ಹಿಂದೆ, ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಒಂದೇ ಸಾಲು. ಮಾಡಿದವರು ಎಂಬಲ್ಲಿ ಅವಳ ಹೆಸರು. ಅದು ನೆನಪಾಯಿತು. ಯಾರೋ ದಾನಿಗಳು ಬಂದಿದ್ದಾಗ ನೆಟ್‌ವರ್ಕು ತಡವರಿಸಿ ಎರಡೂ ಪರದೆ ಎರಡು ಸಲ ಕೆಂಪಾಗಿದ್ದವು. ನಿರ್ದೇಶಕರು ಗೂಡಿನ ಬಾಗಿಲಿಗೇ ಬಂದು, "ಅದು ಹಾಗೆ ಕೆಂಪು ಕೆಂಪು ಬರದ ಹಾಗೆ ಮಾಡಮ್ಮ, ಮರ್ಯಾದೆ ಹೋಗುತ್ತೆ," ಎಂದಿದ್ದರು. ಹೊಸ ಅಂಕಿ ಬರದಿದ್ದರೆ ಹಳೆಯದನ್ನೇ ತೋರಿಸು ಎಂದು ಬರೆಯಲು ಎರಡು ನಿಮಿಷ ಸಾಕಾಯಿತು. ಅಲಾರಂ ಬೇರೆ ಇದೆಯಲ್ಲ, ಪರದೆ ಬರೀ ಶೋಕಿಗೆ ಎಂದುಕೊಂಡಿದ್ದಳು. ಎರಡು ವರ್ಷ ಎಲ್ಲದಕ್ಕೂ ಜಗಳ ಕಾದವಳು ಆ ಒಂದಕ್ಕೆ ತಕರಾರು ಮಾಡಿರಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ಯಾರು ಜಗಳ ಕಾಯುತ್ತಾರೆ?

"ಏನಾಯ್ತು ಅತ್ತಿಗೆ?" ಎಂದಳು ನಾದಿನಿ.

"ಪರದೆ ಸುಳ್ಳು ಹೇಳೋ ಹಾಗೆ ಮಾಡಿದ್ದು ನಾನೇ ಕಣೆ," ಎಂದಳು. ನಾದಿನಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಸಮಾಧಾನ ಹೇಳುವುದಕ್ಕೆ ಹೋಗಲಿಲ್ಲ, ಅದೇ ದೊಡ್ಡದು.

ಗುರುವಾರ ಹನ್ನೊಂದಕ್ಕೆ ಸಮಿತಿ ಸೇರಿತು. ಉದ್ದ ಮೇಜಿನ ತುದಿಯಲ್ಲಿ ಬೇರೆ ಆಸ್ಪತ್ರೆಯಿಂದ ಬಂದಿದ್ದ ನರೆಗೂದಲ ಡಾಕ್ಟರಮ್ಮ ಅಧ್ಯಕ್ಷೆ. ಒಂದು ಪಕ್ಕ ನಿರ್ದೇಶಕರು, ಅವರ ಸಹಾಯಕ. ಎದುರಿಗೆ ಒಂಟಿ ಕುರ್ಚಿಯಲ್ಲಿ ಫ್ರೀಜರಕ್ಕ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದಿದ್ದಳು. ಸೊಂಟದಲ್ಲಿ ಗೊಂಚಲು ಇಲ್ಲದ್ದರಿಂದ ಕೈಯನ್ನು ಎಲ್ಲಿ ಇಡಬೇಕೆಂದು ಆಕೆಗೆ ತಿಳಿಯುತ್ತಿರಲಿಲ್ಲ.

ಕಂಪ್ಯೂಟರಮ್ಮ ಹದಿಮೂರು ಮೇಲ್‌ಗಳನ್ನೂ ಓದಿದಳು. ದಿನಾಂಕ ಸಮೇತ ಓದಿದಳು. ನಿರ್ದೇಶಕರ ಕಿವಿ ನಾಲ್ಕನೆಯದಕ್ಕೆ ಕೆಂಪಾಯಿತು, ಒಂಬತ್ತನೆಯದಕ್ಕೆ ಅವರು ನೀರು ಕುಡಿದರು. ಇದಕ್ಕಾಗಿ ಮೂರು ದಿನದಿಂದ ಕಾದಿದ್ದಳು. ಆದರೆ ಈಗ ಬಾಯಲ್ಲಿ ರುಚಿಯೇ ಇರಲಿಲ್ಲ.

"ಒಪ್ಕೋತೀನಿ," ಎಂದರು ನಿರ್ದೇಶಕರು ಕೊನೆಗೆ. "ಅಲಾರಂ ಕೆಲಸ ಮಾಡ್ಲಿಲ್ಲ. ಅದು ಯಂತ್ರದ ದೋಷ, ಸರಿ ಮಾಡೋಣ. ಆದ್ರೆ ಯಂತ್ರ ಸಹಿ ಹಾಕಲ್ಲ. ಮನುಷ್ಯರು ಹಾಕ್ತಾರೆ. ಪ್ಲಸ್ ಆರು ಇದ್ದಾಗ ಮೈನಸ್ ಇಪ್ಪತ್ತೆರಡು ಅಂತ ಬರ್ದದ್ದಕ್ಕೆ ಈ ಮೇಲ್‌ಗಳಲ್ಲಿ ಏನು ಉತ್ತರ ಇದೆ?"

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೂ ಅದೇ ಪ್ರಶ್ನೆ," ಎಂದು ಕಂಪ್ಯೂಟರಮ್ಮನ ಕಡೆ ತಿರುಗಿದರು. "ಮಾಹಿತಿ ಬರೋದು ನಿಂತ್ರೆ ಪರದೆ ಏನು ತೋರಿಸುತ್ತೆ?"

ನಿರ್ದೇಶಕರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತಿದ್ದರು. ಅವರಿಗೆ ಗೊತ್ತಿತ್ತು. ಕೆಂಪು ತೆಗೆಯಲು ಅವರು ಬಾಯಲ್ಲಿ ಹೇಳಿದ್ದರು, ಕಾಗದ ಇರಲಿಲ್ಲ; ಮಾಡಿದವಳ ಹೆಸರು ಮಾತ್ರ ಬದಲಾವಣೆಗಳ ಪಟ್ಟಿಯಲ್ಲಿತ್ತು. "ನೋಡಿ ಹೇಳ್ತೀನಿ" ಎಂದರೆ ಸಾಕಿತ್ತು, ಯಾರೂ ನೋಡಲು ಬರುತ್ತಿರಲಿಲ್ಲ. ಆ ಪಟ್ಟಿ ಓದಲು ಬರುವವಳು ಕಟ್ಟಡದಲ್ಲಿ ಅವಳೊಬ್ಬಳೇ.

"ಕೊನೇ ಅಂಕಿಯನ್ನೇ ತೋರಿಸುತ್ತೆ," ಎಂದಳು ಕಂಪ್ಯೂಟರಮ್ಮ. "ಹಸಿರಾಗೇ ತೋರಿಸುತ್ತೆ. ಮೊದಲು ಕೆಂಪು ಬರ್ತಿತ್ತು. ಹನ್ನೊಂದು ತಿಂಗಳ ಹಿಂದೆ ನಾನು ಅದನ್ನ ತೆಗೆದೆ. ಬಂದವರ ಮುಂದೆ ಕೆಂಪು ಕಾಣಬಾರದು ಅಂತ ಸರ್ ಹೇಳಿದ್ರು."

"ನಾನು ಹಾಗೆ ಹೇಳಿದ ನೆನಪಿಲ್ಲ," ಎಂದರು ನಿರ್ದೇಶಕರು, ಅದೇ ಬೆಣ್ಣೆಯ ದನಿಯಲ್ಲಿ.

"ಇರಲ್ಲ ಬಿಡಿ ಸರ್!" ಅವಳ ದನಿ ಕಿರುಚುವ ಮಟ್ಟಕ್ಕೆ ಏರಿತು, ಇಳಿಸಿಕೊಳ್ಳಲಿಲ್ಲ. "ನಿಮಗೆ ನೆನಪಿರಲ್ಲ, ನನ್ನ ಹತ್ರ ಕಾಗದ ಇಲ್ಲ. ನೀವು ಹೇಳಿದ್ರೋ ಬಿಟ್ರೋ, ಮಾಡಿದ್ದು ನನ್ನ ಕೈ. ಆಕೆ ಗೋಡೆ ಮೇಲೆ ಇದ್ದದ್ದನ್ನ ಬರ್ದಳು. ಗೋಡೆ ಮೇಲೆ ಸುಳ್ಳು ಬರ್ದವಳು ನಾನು. ಆಕೆಯ ಒಂಬತ್ತು ಸಹಿಯೂ ನಿಜ. ಬೇಕಾದ್ರೆ ಅದನ್ನ ನಾನು ಬರ್ದು ಸಹಿ ಹಾಕಿ ಕೊಡ್ತೀನಿ."

ಡಾಕ್ಟರಮ್ಮ ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. "ಕೊಡಿ," ಎಂದರು.

ಬರೆದು ಕೊಟ್ಟಳು. ಒಂದು ಗಂಟೆಯೊಳಗೆ ಫ್ರೀಜರಕ್ಕನ ಮೇಲಿನ ಆರೋಪ ಬಿದ್ದುಹೋಯಿತು. ಸಹಾಯಕ ಬೀಗದ ಕೈಗೊಂಚಲನ್ನು ತಂದು ಆಕೆಯ ಮುಂದಿಟ್ಟ. ಕಂಪ್ಯೂಟರಮ್ಮನ ವಿಷಯವನ್ನು ಬೇರೆಯಾಗಿ ಪರಿಶೀಲಿಸಲಾಗುವುದು ಎಂದು ಬರೆದುಕೊಂಡರು. ನಿರ್ದೇಶಕರ ವಿಷಯವನ್ನು ಯಾರೂ ಏನೂ ಬರೆದುಕೊಳ್ಳಲಿಲ್ಲ. ಅದನ್ನು ನೋಡಿ ಅವಳಿಗೆ ಹಲ್ಲು ಕಡಿಯುವಷ್ಟು ಕೋಪ ಬಂತು, ಆದರೂ ಎದೆ ಹಗುರಾಗಿತ್ತು. ಕೆಲಸ ಹೋದರೆ ಹೋಗಲಿ. ಆಡಬೇಕಾದ್ದನ್ನು ಆಡಿದ್ದಾಯಿತು. ಫ್ರೀಜರಕ್ಕನ ಮುಖ ನೋಡಲು ಧೈರ್ಯ ಬಂದಿತ್ತು.

ಶೀತಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಫ್ರೀಜರಕ್ಕ ದಪ್ಪ ಕೋಟು ಹಾಕಿಕೊಂಡು ರಿಪೇರಿಯಾದ ಫ್ರೀಜರಿನ ಖಾಲಿ ಟ್ರೇಗಳನ್ನು ಒರೆಸುತ್ತಿದ್ದಳು. ಆ ಬೆಳಿಗ್ಗೆ ಬಂದ ಆರು ಬಾಟಲಿ ಒಂದು ಮೂಲೆಯಲ್ಲಿದ್ದವು.

"ಅಕ್ಕ," ಎಂದಳು ಕಂಪ್ಯೂಟರಮ್ಮ ಬಾಗಿಲಲ್ಲಿ ನಿಂತು.

ಫ್ರೀಜರಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. "ಹದಿಮೂರು ಮೇಲ್ ಬರ್ದಿದ್ದೆ, ಅಲ್ವಾ?"

"ಹೂಂ."

"ಎಲ್ಲಾ ಅವರಿಗೇ."

"ಹೂಂ."

"ಯಂತ್ರ ಬಿದ್ರೆ ಕೂಗೋನೂ ಬೀಳ್ತಾನೆ ಅಂತ ಎರಡು ವರ್ಷದಿಂದ ನಿನಗೆ ಗೊತ್ತಿತ್ತು. ಪರದೆ ಹಳೇದನ್ನೇ ತೋರಿಸುತ್ತೆ ಅಂತಲೂ ಗೊತ್ತಿತ್ತು." ಈಗ ತಿರುಗಿದಳು. ಆಕೆಯ ಕಣ್ಣು ಒದ್ದೆಯಾಗಿರಲಿಲ್ಲ, ಉರಿಯುತ್ತಿತ್ತು. "ನನ್ನ ಕುರ್ಚಿ ಎಲ್ಲಿದೆ? ನಿನ್ನ ಗೂಡಿನ ಎದುರಿಗೇ. ದಿನಾ ನನ್ನ ಮುಂದೇನೇ ಹೋಗ್ತಿದ್ದೆ, ಬರ್ತಿದ್ದೆ. ಮಳೆ ಬಂತು ಅಂತ ಹೇಳ್ತಿದ್ದೆ, ಕಾಲುನೋವು ಹೇಗಿದೆ ಅಂತ ಕೇಳ್ತಿದ್ದೆ. 'ಅಕ್ಕ, ಆ ಪರದೇನ ನಂಬ್ಬೇಡ' ಅಂತ ಒಂದು ಮಾತು ಬರ್ಲಿಲ್ಲ ನಿನ್ನ ಬಾಯಲ್ಲಿ."

"ನಾನು..."

"ಹೇಳಿದ್ದಿದ್ರೆ ನಿಯಮ ಗಿಯಮ ನೋಡ್ತಿದ್ನಾ ನಾನು? ಗಂಟೆಗೊಂದ್ಸಲ ಬಾಗಿಲು ತೆಗೆದು ಕೈ ಹಾಕಿ ನೋಡ್ತಿದ್ದೆ. ಎಂಟು ಗಂಟೆಗೆ ಹೀಟರ್ ಹತ್ತಿದ್ರೆ ಒಂಬತ್ತಕ್ಕೆ ಗೊತ್ತಾಗ್ತಿತ್ತು ನನಗೆ. ಒಂದು ಬಾಟ್ಲಿನೂ ಹೋಗ್ತಿರ್ಲಿಲ್ಲ. ಆ ಕೂಸಿನ ಹೊಟ್ಟೆ ಉಬ್ತಿರ್ಲಿಲ್ಲ."

ಕಂಪ್ಯೂಟರಮ್ಮ ತನ್ನನ್ನೇ ಕೇಳಿಕೊಂಡಳು: ಯಾಕೆ ಹೇಳಲಿಲ್ಲ? ಹೇಳಬಾರದೆಂದು ಯಾರೂ ತಡೆದಿರಲಿಲ್ಲ. ಹೊಳೆದೇ ಇರಲಿಲ್ಲ, ಅಷ್ಟೇ. ಮೇಲಿನವರಿಗೆ ಬರೆದರೆ ನಾಳೆ ತೋರಿಸಲು ಕಾಗದ ಉಳಿಯುತ್ತದೆ; ಎದುರಿನ ಕುರ್ಚಿಯವಳಿಗೆ ಹೇಳಿದರೆ ಏನು ಉಳಿಯುತ್ತದೆ? ಪಿನ್ನು ಹೊಡೆದ ಆ ಹದಿಮೂರು ಹಾಳೆ ಇನ್ನೂ ಅವಳ ಕೈಯಲ್ಲೇ ಇದ್ದವು. ಅಷ್ಟೂ ತನ್ನನ್ನು ಕಾಪಾಡಿಕೊಳ್ಳಲು ಬರೆದದ್ದು, ಹಾಲನ್ನಲ್ಲ. ನಿರ್ದೇಶಕರ ಮೇಲಿನ ಕೋಪ ಹಾಗೇ ಇತ್ತು, ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಆದರೆ ಅದರ ಹಿಂದೆ ನಿಲ್ಲಲು ಇನ್ನು ಅವಳಿಗೆ ಜಾಗ ಇರಲಿಲ್ಲ.

"ತಪ್ಪಾಯ್ತು ಅಕ್ಕ," ಎಂದಳು.

ಫ್ರೀಜರಕ್ಕ ಕೈಗವಸು ಕಳಚಿ, ಫ್ರೀಜರಿನೊಳಗೆ ಬರಿಗೈ ಇಟ್ಟು, ಮನಸ್ಸಿನಲ್ಲೇ ಎಣಿಸುವವಳ ಹಾಗೆ ಸ್ವಲ್ಪ ಹೊತ್ತು ನಿಂತು, ಮುಚ್ಚಿದಳು.

"ಬಾಗಿಲಲ್ಲಿ ನಿಲ್ಬೇಡ," ಎಂದಳು. "ಒಳಗೆ ಬರೋದಾದ್ರೆ ಬಾ, ಇಲ್ಲಾಂದ್ರೆ ಹೋಗು. ತಣ್ಣಗಿರೋದು ಹೊರಗೆ ಹೋಗ್ತಿದೆ."

ಕಂಪ್ಯೂಟರಮ್ಮ ಬಾಗಿಲಿಗೆ ಕೈ ಹಾಕಿದಳು. ಯಾವ ಕಡೆ ನಿಂತು ಎಳೆದುಕೊಳ್ಳಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಕೊನೆಗೆ ಹೊರಗೇ ಉಳಿದು, ಸದ್ದಾಗದ ಹಾಗೆ ಮುಚ್ಚಿದಳು.